11 ವರ್ಷ, 2 ಸೀರೀಸ್ ಗೆಲುವು: ಐಸ್ ಹಾಕಿ ಟೀಮ್ ಟೊರಾಂಟೊ ಮೇಪಲ್ ಲೀಫ್ಸ್ ಮ್ಯಾನೇಜ್‌ಮೆಂಟ್ ಬದಲಾಗ್ಬೇಕಾ, ಬೇಡ್ವಾ?

ನೀಲಿಎಲೆ67 | ಮೇ 19, 2025, ಬೆಳಿಗ್ಗೆ 7:40

ನಿನ್ನೆ ರಾತ್ರಿ ಪ್ಲೇಆಫ್‌ನ ಏಳನೇ ಮ್ಯಾಚಲ್ಲಿ, ಫ್ಲೋರಿಡಾ ಎದುರು 3-0 ಹಿಂದಿದ್ದಾಗ ನಮ್ಮ ಡೋಮಿ ಒಂದು ಗೋಲು ಹೊಡೆದು 3-1 ಆದಾಗ ಸೋಫಾ ಬಿಟ್ಟು ಎದ್ದು ನಿಂತೆ. ಮಗಳು ಪಕ್ಕದ ರೂಮಲ್ಲಿ ಮಲಗಿದ್ಳು, ಕೂಗೋ ಹಾಗಿಲ್ಲ, ಬಾಯಿ ಮೇಲೆ ಕೈ. ಕೈ ತೆಗೆಯೋಷ್ಟರಲ್ಲಿ ಫ್ಲೋರಿಡಾ 4-1 ಮಾಡಿಬಿಟ್ಟಿತ್ತು. ಒಂದು ನಿಮಿಷವೂ ಆಗಿರಲಿಲ್ಲ. ಕೊನೆಗೆ 6-1. ಗೇಮ್ 5ರಲ್ಲೂ 6-1. ಎರಡೂ ನಮ್ಮದೇ ರಿಂಕ್‌ನಲ್ಲಿ. ನಾಲ್ಕು ಮ್ಯಾಚ್ ಮೊದಲು ಗೆದ್ದವರು ಮುಂದಕ್ಕೆ ಹೋಗೋ ಈ ಸೀರೀಸ್‌ನಲ್ಲಿ 2-0 ಮುಂದಿದ್ದವರು ನಾವು ಅನ್ನೋದನ್ನೂ ಮರೀಬೇಡಿ.

ಬೈಯೋಕೆ ಬೇರೆ ಥ್ರೆಡ್ ಇದೆ, ರಾತ್ರಿಯಿಂದ ಅಲ್ಲಿ ಬೆಂಕಿ ಆರಿಲ್ಲ. ಇಲ್ಲಿ ಒಂದೇ ಪ್ರಶ್ನೆ: ಪ್ರೆಸಿಡೆಂಟ್ ಶಾನಹನ್ ಇರಬೇಕಾ, ಹೋಗಬೇಕಾ? ಅವರ ಜೊತೆ, ಆಟಗಾರರನ್ನ ತರೋ ಕಳಿಸೋ ಜಿಎಂ (ಜನರಲ್ ಮ್ಯಾನೇಜರ್) ಟ್ರೆಲಿವಿಂಗೂ ಹೋಗಬೇಕಾ?

ನನ್ನ ಲೆಕ್ಕ ಮೊದಲು ಹೇಳಿಬಿಡ್ತೀನಿ. ಶಾನಹನ್ ಬಂದಿದ್ದು 2014ರ ಏಪ್ರಿಲ್‌ನಲ್ಲಿ. ಮೊದಲೆರಡು ವರ್ಷ ಹಳೇ ಮನೆ ಕೆಡವೋ ಕೆಲಸ, ಅದನ್ನ ಚೆನ್ನಾಗೇ ಮಾಡಿದ್ರು. ಹೊಸ ಹುಡುಗರನ್ನ ಟೀಮುಗಳು ಸರದಿ ಮೇಲೆ ಆರಿಸಿಕೊಳ್ಳೋ ಡ್ರಾಫ್ಟಲ್ಲಿ 2016ಕ್ಕೆ ಮೊದಲ ಪಿಕ್ ಸಿಕ್ತು, ಮ್ಯಾಥ್ಯೂಸ್ ಬಂದ. 2017ರಿಂದ ಒಂದು ವರ್ಷವೂ ತಪ್ಪದೆ ಪ್ಲೇಆಫ್ ಬಾಗಿಲಿಗೆ ಹೋಗಿದ್ದೀವಿ. ಗೆದ್ದ ಸೀರೀಸ್ ಎರಡು: 2023ರಲ್ಲಿ ಟ್ಯಾಂಪಾ ಮೇಲೆ, ಈ ವರ್ಷ ಒಟ್ಟಾವಾ ಮೇಲೆ. ಸೋತಿದ್ದು ಒಂಬತ್ತು.

ಇನ್ನೊಂದು ಲೆಕ್ಕ ಇದೆ, ಹೊಟ್ಟೆ ಉರಿಸೋದು. ಗೆದ್ದವರು ಉಳಿದು ಸೋತವರು ಮನೆಗೆ ಹೋಗೋ ಕೊನೇ ಮ್ಯಾಚ್‌ಗಳಲ್ಲಿ ನಾವು ಹೊಡೆದ ಗೋಲು. 2019, ಬಾಸ್ಟನ್: 1. 2020, ಕೊಲಂಬಸ್: 0. 2021, ಮಾಂಟ್ರಿಯಲ್: 1. 2022, ಟ್ಯಾಂಪಾ: 1. 2024, ಬಾಸ್ಟನ್: ಓವರ್‌ಟೈಮ್ ಸೇರಿಸಿಯೂ 1. ನಿನ್ನೆ: 1. ಆರು ಮ್ಯಾಚಿಗೆ ಐದು ಗೋಲು. 2018ರಲ್ಲಿ ನಾಲ್ಕು ಹೊಡೆದಿದ್ವಿ, ಅವತ್ತು ಏಳು ಹೊಡೆಸಿಕೊಂಡ್ವಿ.

ಈ ನಡುವೆ ಕೋಚ್ ಬ್ಯಾಬ್ಕಾಕ್ ಹೋದ, ಕೀಫ್ ಬಂದ. ಕೀಫ್ ಹೋದ, ಬೆರೂಬೆ ಬಂದ. ಜಿಎಂ ಕುರ್ಚಿಯಲ್ಲಿ ಲ್ಯಾಮೊರೆಲ್ಲೊ, ಡೂಬಸ್, ಈಗ ಟ್ರೆಲಿವಿಂಗ್. ಮ್ಯಾನೇಜ್‌ಮೆಂಟ್ ಬದಲಾಯಿಸಿ ಅಂತ ನಾವು ಹೊಸದಾಗಿ ಕೇಳ್ತಾ ಇಲ್ಲ, ಬದಲಾಯಿಸ್ತಾನೇ ಬಂದಿದಾರೆ. ಬದಲಾಯಿಸೋ ಮನುಷ್ಯ ಮಾತ್ರ ಬದಲಾಗಿಲ್ಲ. ಮದುವೆ ಊಟ ಕೆಟ್ಟಿದ್ದಕ್ಕೆ ಮೂರು ಸಲ ಅಡುಗೆಯವರನ್ನ ಬದಲಾಯಿಸಿದ್ರು, ದಿನಸಿ ಚೀಟಿ ಬರೆದೋರು ಮೊದಲ ದಿನದಿಂದ ಅವರೇ.

ನನ್ನ ವೋಟು: ಶಾನಹನ್ ಹೋಗಲಿ. ಟ್ರೆಲಿವಿಂಗ್ ಬಗ್ಗೆ ಇನ್ನೂ ತೀರ್ಮಾನ ಆಗಿಲ್ಲ, ನೀವು ಹೇಳಿ.

ತಾಳ್ಮೆರಾಯ | ಮೇ 19, ಬೆಳಿಗ್ಗೆ 8:55

ಬೇಸರ ನನಗೂ ಇದೆ ಸಾರ್. ಆದ್ರೆ ಸೋತ ಮರುದಿನ ಬೆಳಿಗ್ಗೆ ತಗೊಳ್ಳೋ ತೀರ್ಮಾನ ಸರಿ ಇರಲ್ಲ. 2019ರ ಟ್ಯಾಂಪಾ ನೆನಪಿಸಿಕೊಳ್ಳಿ. ಲೀಗ್‌ನಲ್ಲಿ 62 ಮ್ಯಾಚ್ ಗೆದ್ದ ಟೀಮು ಮೊದಲ ರೌಂಡಲ್ಲೇ ಕೊಲಂಬಸ್ ಕೈಲಿ 4-0 ಸೋತು ಮನೆಗೆ ಹೋಯ್ತು. ನಮ್ಮ ಯಾವ ಸೋಲಿಗೂ ಇಷ್ಟು ಅವಮಾನ ಇಲ್ಲ. ಆಗ ಕೋಚ್ ಕೂಪರ್‌ನ ತೆಗೆದ್ರಾ? ಇಲ್ಲ. ಜಿಎಂ ಬ್ರಿಸ್‌ಬ್ವಾನ ತೆಗೆದ್ರಾ? ಇಲ್ಲ. 2020ರಲ್ಲಿ ಸ್ಟಾನ್ಲಿ ಕಪ್, 2021ರಲ್ಲಿ ಮತ್ತೆ ಕಪ್.

ವಾಷಿಂಗ್ಟನ್ನೂ ಅಷ್ಟೇ. ಒವೆಚ್ಕಿನ್ ಪ್ಲೇಆಫ್‌ಗೆ ಆಗಲ್ಲ ಅಂತ ಹತ್ತು ವರ್ಷ ಬರೆದವರೇ 2018ರಲ್ಲಿ ಅವನ ಕೈಲಿ ಕಪ್ ನೋಡಿದ್ರು. ಈ ವರ್ಷ ನಾವು 108 ಪಾಯಿಂಟ್ ತಗೊಂಡು ಡಿವಿಷನ್ ಗೆದ್ದಿದ್ದೀವಿ. ಕಪ್ ಗೆದ್ದ ಫ್ಲೋರಿಡಾನ ಏಳನೇ ಮ್ಯಾಚ್‌ವರೆಗೆ ಎಳೆದಿದ್ದೀವಿ. ಕಾಯಿ ಇನ್ನೇನು ಹಣ್ಣಾಗತ್ತೆ ಅನ್ನೋವಾಗ ಮರ ಕಡಿಯೋದು ಬೇಡ.

ಹುಬ್ಳಿಹೈದ | ಮೇ 19, ಬೆಳಿಗ್ಗೆ 9:30

ರಾಯರ, ಟ್ಯಾಂಪಾ ಕಥಿ ಪ್ರತಿ ವರ್ಷ ಹೇಳ್ತೀರಿ ನೀವು. ಅರ್ಧಾ ಹೇಳಿ ಬಿಡ್ತೀರಿ, ಅದ ನನ್ನ ತಕರಾರು.

ಕೋಚ್ ಉಳಿಸ್ಕೊಂಡ್ರು, ಖರೆ. ಟೀಮ್ ಹಂಗ ಉಳಿಸ್ಕೊಂಡ್ರೇನು? ಅದ ಬ್ಯಾಸಗಿ ಒಳಗ ಮರೂನ್, ಶಾಟನ್‌ಕರ್ಕ್ ಬಂದ್ರು. 2020ರ ಫೆಬ್ರವರಿ ಒಳಗ ಕೋಲ್‌ಮನ್, ಗುಡ್ರೋ ಇಬ್ಬರನ್ನೂ ತಂದ್ರು, ಒಬ್ಬೊಬ್ಬರಿಗೆ ಒಂದೊಂದು ಮೊದಲ ರೌಂಡ್ ಪಿಕ್ ಕೊಟ್ಟು. ಇವರೇನು ಸ್ಟಾರ್ ಅಲ್ಲ, ಮೂರನೇ ಲೈನ್ ಮಂದಿ. ಆದ್ರ ಪಕ್ ಮುಂದ ಬಿದ್ದು ತಡಿಯೋ ಮಂದಿ, ಗೋಡಿ ಮೂಲ್ಯಾಗ ಗುದ್ದಾಡೋ ಮಂದಿ. ಸೋತಿದ್ದು ಯಾಕಂತ ಆ ಬ್ರಿಸ್‌ಬ್ವಾಗ ತಿಳೀತು, ತಿಳಿದದ್ದನ್ನ ಮಾಡಿ ತೋರಿಸ್ದ.

ನಮ್ಮವರು ಏನು ಕಲ್ತರು? ನಮ್ಮ ಆಟಗಾರ ಕಾದ್ರಿನ 2019ರಾಗ ಕೊಲೊರಾಡೋಕ್ಕ ಕಳಿಸಿದ್ರು. ಬಾಸ್ಟನ್ ಮ್ಯಾಲೆ ಸತತ ಎರಡು ಪ್ಲೇಆಫ್‌ನ್ಯಾಗ ಸಸ್ಪೆಂಡ್ ಆದ ಅಂತ ಸಿಟ್ಟು. ಆಂವ 2022ರಾಗ ಅಲ್ಲಿ ಕಪ್ ಎತ್ತಿದ. ಹೈಮನ್‌ಗ 2021ರಾಗ ಕೊಡಾಕ ರೊಕ್ಕ ಇಲ್ಲಂದ್ರು, ಎಡ್ಮಂಟನ್ನಿಗೆ ಹೋದ, ಹೋದ ವರ್ಷ ಒಂದ ಪ್ಲೇಆಫ್‌ನ್ಯಾಗ 16 ಗೋಲ್ ಹೊಡದ. ಫ್ಲೋರಿಡಾದ ವರ್‌ಹೇಗಿ ಯಾರ ಡ್ರಾಫ್ಟ್ ಅಂತ ಕೇಳ್ರಿ ಒಮ್ಮೆ. ನಮ್ದ, 2013ರದ್ದು. ಶಾನಹನ್ ಸಾಹೇಬ್ರು ಬಂದ ಮರುವರ್ಷ ಟ್ರೇಡ್ ಮಾಡಿ ಕೈ ತೊಳ್ಕೊಂಡ್ರು.

ಗುದ್ದಾಡವರನ್ನ ಕಳಿಸಿ ಗುದ್ದಾಟದಾಗ ಸೋತ್ವಿ ಅಂತ ಅಳೂದು.

ಹೊಸಬಿ_ಓಕ್‌ವಿಲ್ | ಮೇ 19, ಮಧ್ಯಾಹ್ನ 12:15

ಕ್ಷಮಿಸಿ, ನಾನು ಹಾಕಿ ನೋಡೋಕೆ ಶುರು ಮಾಡಿದ್ದೇ ಹೋದ ವರ್ಷ. ಹೈಮನ್‌ಗೆ ಕೊಡೋಕೆ ದುಡ್ಡಿರಲಿಲ್ಲ ಅಂದ್ರೆ ಹೇಗೆ? ಲೀಗ್‌ನಲ್ಲೇ ಶ್ರೀಮಂತ ಕ್ಲಬ್‌ಗಳಲ್ಲಿ ಇದೊಂದು ಅಂತಾರಲ್ಲ?

ಲೆಕ್ಕದಪುಸ್ತಕ | ಮೇ 19, ಮಧ್ಯಾಹ್ನ 1:05

ಮೇಡಂ, ಕ್ಷಮೆ ಯಾಕೆ, ಇಡೀ ಕಥೆಯ ಕೀಲಿ ಇರೋದೇ ನಿಮ್ಮ ಪ್ರಶ್ನೆಯಲ್ಲಿ.

ಎನ್‌ಎಚ್‌ಎಲ್‌ನಲ್ಲಿ ಸ್ಯಾಲರಿ ಕ್ಯಾಪ್ ಅಂತ ಒಂದು ಮಿತಿ ಇದೆ. ತಿಜೋರಿಯಲ್ಲಿ ಎಷ್ಟೇ ಇರಲಿ, ಆಟಗಾರರ ಸಂಬಳಕ್ಕೆ ಆ ಮಿತಿ ದಾಟಿ ಖರ್ಚು ಮಾಡೋ ಹಾಗಿಲ್ಲ. 2019-20ರಲ್ಲಿ ಅದು 81.5 ಮಿಲಿಯನ್ ಡಾಲರ್. ನಮ್ಮ ನಾಲ್ಕು ಜನರ ಸಂಬಳ ಕೂಡಿಸಿ ನೋಡಿ: ಮ್ಯಾಥ್ಯೂಸ್ 11.6, ಟಾವಾರೆಸ್ 11, ಮಾರ್ನರ್ 10.9, ನೀಲಾಂಡರ್ 7ರ ಹತ್ತಿರ. ಒಟ್ಟು 40.5. ಟೀಮಿನ ಅರ್ಧ ದುಡ್ಡು ನಾಲ್ಕು ಜನಕ್ಕೆ. ಉಳಿದರ್ಧದಲ್ಲಿ ಮಿಕ್ಕ ಎಲ್ಲಾ ಫಾರ್ವರ್ಡ್‌ಗಳು, ಡಿಫೆನ್ಸ್, ಗೋಲ್‌ಕೀಪರ್. ಹೈಮನ್‌ಗೆ ಎಡ್ಮಂಟನ್ ವರ್ಷಕ್ಕೆ 5.5 ಕೊಟ್ಟಿತು. ನಮ್ಮ ಹತ್ರ ಆ 5.5 ಮಿಗೋದು ಕಷ್ಟವಿತ್ತು.

ಆ ಸಂಬಳ ಅಷ್ಟಕ್ಕೆ ಏರಿದ್ದು ಹೇಗೆ ಅನ್ನೋದು ಮುಖ್ಯ. 2018ರ ಜುಲೈ 1ಕ್ಕೆ ಟಾವಾರೆಸ್ ಸಹಿ ಹಾಕಿದ, 7 ವರ್ಷ, 77 ಮಿಲಿಯನ್. ಊರೆಲ್ಲ ಹಬ್ಬ, ನಾನೂ ಕುಣಿದವನೇ. ಆಗ ಪತ್ರಕರ್ತರು ಕೇಳಿದ್ರು, ಹುಡುಗರು ಮೂವರ ಕಾಂಟ್ರಾಕ್ಟ್ ಬಾಕಿ ಇದೆಯಲ್ಲ, ಎಲ್ಲರನ್ನೂ ಉಳಿಸಿಕೊಳ್ಳೋಕೆ ಆಗತ್ತಾ ಅಂತ. ಆಗತ್ತೆ, ಉಳಿಸಿಕೊಂಡೇ ಉಳಿಸಿಕೊಳ್ತೀವಿ ಅಂತ ಡೂಬಸ್ ಎಲ್ಲರೆದುರು ಹೇಳಿಬಿಟ್ರು. ಸಂತೆಯಲ್ಲಿ ಎತ್ತು ಕೊಳ್ಳೋಕೆ ಹೋದವನು "ಈ ಎತ್ತು ಹೊಡ್ಕೊಂಡೇ ಮನೆಗೆ ಹೋಗೋದು" ಅಂತ ಮೊದಲೇ ಕೂಗಿದ್ರೆ ಮಾರೋನು ಬೆಲೆ ಇಳಿಸ್ತಾನಾ? ನೀಲಾಂಡರ್ ಆಡದೆ ಮನೇಲಿ ಕೂತ, ಡಿಸೆಂಬರ್ 1ರ ಸಂಜೆ 5ರ ಗಡುವಿಗೆ ಕೆಲವೇ ನಿಮಿಷ ಇದ್ದಾಗ ಸಹಿ ಹಾಕಿದ. ಅವನು ಕೂತಿದ್ದನ್ನ ಉಳಿದಿಬ್ಬರೂ ನೋಡಿದ್ರು. ಮ್ಯಾಥ್ಯೂಸ್ ಐದೇ ವರ್ಷಕ್ಕೆ ಸಹಿ ಹಾಕಿದ, ಅದೂ 11.6ಕ್ಕೆ. ಮಾರ್ನರ್ 2019ರ ಸೆಪ್ಟೆಂಬರ್‌ವರೆಗೆ ಎಳೆದಾಡಿದ.

ಡೂಬಸ್ ಪರವಾಗಿ ಒಂದು ಮಾತು ಹೇಳದಿದ್ರೆ ಅನ್ಯಾಯ. ಕ್ಯಾಪ್ ವರ್ಷ ವರ್ಷ ಏರತ್ತೆ ಅನ್ನೋ ನಂಬಿಕೆ ಮೇಲೆ ಬರೆದ ಕಾಂಟ್ರಾಕ್ಟ್‌ಗಳು ಅವು. ಕೋವಿಡ್ ಬಂದು 81.5 ಅಲ್ಲೇ ನಿಂತುಬಿಡ್ತು. ಇದನ್ನ ಯಾರೂ ಊಹಿಸಿರಲಿಲ್ಲ. ಆದ್ರೆ ಆಗ 32 ವಯಸ್ಸಿನ, ಮೊದಲ ಸಲ ಜಿಎಂ ಆದ ಹುಡುಗನಿಗೆ ಈ ಚೌಕಾಸಿ ಒಪ್ಪಿಸಿದ್ದು ಯಾರು? ಮೇಲಿನ ಕುರ್ಚಿಯವರೇ. ಹಾಗಾಗಿ ನನ್ನ ವೋಟೂ ನೀಲಿಎಲೆ ಕಡೆಗೆ.

ಹೊಸಬಿ_ಓಕ್‌ವಿಲ್ | ಮೇ 19, ಮಧ್ಯಾಹ್ನ 1:20

ಎತ್ತಿನ ಉದಾಹರಣೆ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಸಾರ್. ಒಂದು ವರ್ಷದಿಂದ ಗಂಡ ಹೇಳಿಕೊಟ್ಟಿದ್ದು ಈಗ ಅರ್ಥ ಆಯ್ತು.

ಗ್ರಹಚಾರ_ಗಣಪ | ಮೇ 19, ಸಂಜೆ 6:10

ಎಲ್ಲರೂ ಕುರ್ಚಿ ಕುರ್ಚಿ ಅಂತಿದೀರಲ್ಲ, ಅದೃಷ್ಟಕ್ಕೆ ಜಾಗವೇ ಇಲ್ವಾ? 2021ರಲ್ಲಿ ಮಾಂಟ್ರಿಯಲ್ ಎದುರು ಮೊದಲ ಮ್ಯಾಚಲ್ಲೇ ಕ್ಯಾಪ್ಟನ್ ಟಾವಾರೆಸ್ ತಲೆಗೆ ಪೆರ್ರಿ ಮೊಣಕಾಲು ಬಡಿದು ಸ್ಟ್ರೆಚರ್ ಮೇಲೆ ಹೋದ. ಹೋದ ವರ್ಷ ಬಾಸ್ಟನ್ ಎದುರು ಮ್ಯಾಥ್ಯೂಸ್ ಎರಡು ಮ್ಯಾಚ್ ಇಲ್ಲ. ಈ ಸಲ ಮೊದಲ ಮ್ಯಾಚಲ್ಲಿ ಫ್ಲೋರಿಡಾದ ಬೆನೆಟ್ ಮೊಣಕೈ ನಮ್ಮ ಗೋಲ್‌ಕೀಪರ್ ಸ್ಟೋಲಾರ್ಜ್ ತಲೆಗೆ. ಆಮೇಲೆ ಅವನು ಆಡಲೇ ಇಲ್ಲ. ಪೆನಾಲ್ಟಿನೂ ಕೊಡಲಿಲ್ಲ! ಇದಕ್ಕೂ ಶಾನಹನ್ ಹೊಣೆನಾ?

ನೀಲಿಎಲೆ67 | ಮೇ 19, ಸಂಜೆ 7:00

ಗಣಪಣ್ಣ, ಒಂದು ಸೀರೀಸ್‌ಗೆ ಅದೃಷ್ಟ, ಎರಡಕ್ಕೆ ಅದೃಷ್ಟ, ಒಪ್ಪಿದೆ. ಬೆನೆಟ್ ವಿಷಯದಲ್ಲಿ ನನಗೂ ರಕ್ತ ಕುದೀತು. ಆದ್ರೆ ಬದಲಿ ಗೋಲ್‌ಕೀಪರ್ ವೂಲ್ ಬಂದು ಗೇಮ್ 6ರಲ್ಲಿ ಒಂದು ಗೋಲೂ ಬಿಡದೆ ಗೆಲ್ಲಿಸಿಕೊಟ್ಟನಲ್ಲ. ಗೋಲ್‌ಕೀಪರ್ ಇಲ್ಲದೆ ಸೋತಿಲ್ಲ ನಾವು, ಗೋಲ್ ಇಲ್ಲದೆ ಸೋತಿದ್ದೀವಿ. ಹೋದ ವರ್ಷ ಬಾಸ್ಟನ್ ಎದುರು ಪವರ್‌ಪ್ಲೇ 21 ಸಲ ಸಿಕ್ತು, ಬಿದ್ದಿದ್ದು ಒಂದೇ ಗೋಲು. ಎದುರಾಳಿ ಒಬ್ಬ ಕಮ್ಮಿ ಇರೋವಾಗ, ದುಬಾರಿ ಆಟಗಾರರೆಲ್ಲ ಐಸ್ ಮೇಲಿರೋವಾಗ! ಅಲ್ಲಿ ಯಾವ ಮೊಣಕೈ ಅಡ್ಡ ಬಂತು?

ಗಡಿಯಾರದಮುಳ್ಳು | ಮೇ 20, ಬೆಳಿಗ್ಗೆ 6:30

ಎಲ್ಲರೂ 2018-19ರ ಬಗ್ಗೆ ಮಾತಾಡ್ತಿದ್ದೀರಿ. ನನ್ನ ಪ್ರಕಾರ ಶಾನಹನ್ ಮೇಲಿರೋ ಅತಿ ದೊಡ್ಡ ಆರೋಪ 2023ರ ಮೇ ತಿಂಗಳದ್ದು. ಅದನ್ನ ಯಾರೂ ಎತ್ತಿಲ್ಲ.

ದಿನಾಂಕಗಳನ್ನ ಹಿಡಿದು ನೋಡಿ. ಫ್ಲೋರಿಡಾ ಎದುರು ಐದು ಮ್ಯಾಚಲ್ಲಿ ಸೋತ್ವಿ. ಮೇ 15ಕ್ಕೆ ಡೂಬಸ್ ಪತ್ರಿಕಾಗೋಷ್ಠಿಯಲ್ಲಿ ಕೂತು, ಮನೆಯವರಿಗೆ ಕಷ್ಟ ಆಗ್ತಿದೆ, ಯೋಚಿಸಬೇಕು ಅಂತ ಮನಸು ಬಿಚ್ಚಿ ಹೇಳಿಕೊಂಡ್ರು. ಮೇ 19ಕ್ಕೆ ಶಾನಹನ್ ಅವರನ್ನ ಬಿಡುಗಡೆ ಮಾಡಿ, ಯಾವತ್ತು ಯಾರು ಯಾರಿಗೆ ಏನು ಹೇಳಿದ್ರು ಅನ್ನೋದನ್ನೆಲ್ಲ ಮೈಕ್ ಮುಂದೆ ಓದಿದ ಹಾಗೆ ಹೇಳಿದ್ರು. ಸೊಸೆ ಹೊರಟ ಮೇಲೆ ಬೀದಿಯವರಿಗೆಲ್ಲ ವರದಿ ಒಪ್ಪಿಸೋ ಅತ್ತೆ ಥರ. ಮೇ 31ಕ್ಕೆ ಟ್ರೆಲಿವಿಂಗ್ ನೇಮಕ.

ಜುಲೈ 1ಕ್ಕೆ ಮಾರ್ನರ್‌ನ ನೋ-ಮೂವ್ ಶರತ್ತು ಜಾರಿಗೆ ಬಂತು. ಅಂದ್ರೆ ಆಮೇಲೆ ಅವನ ಒಪ್ಪಿಗೆ ಇಲ್ಲದೆ ಎಲ್ಲಿಗೂ ಕಳಿಸೋ ಹಾಗಿಲ್ಲ. ಹೊಸ ಜಿಎಂಗೆ ಸಿಕ್ಕಿದ್ದು 30 ದಿನ, ಆಫೀಸಲ್ಲಿ ಯಾರ ಮೇಜು ಯಾವುದು ಅಂತ ತಿಳಿಯೋಕೆ ಬೇಕಾಗೋಷ್ಟು. ಆ 30 ದಿನದಲ್ಲಿ ಮಾರ್ನರ್‌ನ ಕೊಟ್ಟು ಏನಾದ್ರೂ ತರಬಹುದಿತ್ತು. ತರಲಿಲ್ಲ. ಈಗ ಅವನ ಕಾಂಟ್ರಾಕ್ಟ್ ಮುಗೀತಿದೆ. ಈ ವರ್ಷ ಗೋಲು, ಅಸಿಸ್ಟ್ ಸೇರಿ 100 ಪಾಯಿಂಟ್ ದಾಟಿದ ಹುಡುಗ ಬರಿಗೈಯಲ್ಲಿ ಬಿಟ್ಟು ಹೋಗ್ತಾನೆ, ನೋಡ್ತಿರಿ.

ಇದಕ್ಕೆ ಎದುರಾಗಿ ಫ್ಲೋರಿಡಾ ಮಾಡಿದ್ದು ನೋಡಿ. 2022ರಲ್ಲಿ ಲೀಗ್‌ಗೇ ಮೊದಲು ಬಂದ್ರು, 122 ಪಾಯಿಂಟ್. ಎರಡನೇ ರೌಂಡಲ್ಲಿ ಟ್ಯಾಂಪಾ 4-0 ಹೊಡೀತು. ಜಿಎಂ ಝಿಟೋ ಕೂತು ನೋಡಲಿಲ್ಲ. ಆ ವರ್ಷ 115 ಪಾಯಿಂಟ್ ತೆಗೆದಿದ್ದ ಊರಿನ ಮುದ್ದಿನ ಮಗ ಹ್ಯೂಬರ್ಡೋನ ಕ್ಯಾಲ್ಗರಿಗೆ ಕೊಟ್ಟು ಮ್ಯಾಥ್ಯೂ ಟ್ಕಚಕ್‌ನ ತಂದ. ಕೋಚ್ ಆಗಿ ಪಾಲ್ ಮಾರೀಸ್ ಬಂದ. ಮರುವರ್ಷ ಫೈನಲ್, ಅದರ ಮರುವರ್ಷ ಕಪ್.

ಆ ಟ್ರೇಡ್‌ನಲ್ಲಿ ಆಚೆ ಬದಿ, ಕ್ಯಾಲ್ಗರಿಯ ಕುರ್ಚಿಯಲ್ಲಿ ಕೂತಿದ್ದ ಜಿಎಂ ಯಾರು ಗೊತ್ತಲ್ಲ? ನಮ್ಮ ಟ್ರೆಲಿವಿಂಗ್.

ಹುಬ್ಳಿಹೈದ | ಮೇ 20, ಬೆಳಿಗ್ಗೆ 7:15

ಅಯ್ಯೋ ಶಿವನ, ಮುಂಜಾನೆದ್ದು ಇದನ್ನ ಯಾಕ ನೆನಪ ಮಾಡಿದ್ರಿ.

ತಾಳ್ಮೆರಾಯ | ಮೇ 20, ಬೆಳಿಗ್ಗೆ 8:20

ಆ ವಿಷಯದಲ್ಲಿ ಟ್ರೆಲಿವಿಂಗ್‌ನ ಬೈಯೋದು ತಪ್ಪು. ಕ್ಯಾಲ್ಗರಿಯಲ್ಲಿ ದೀರ್ಘಾವಧಿಗೆ ಸಹಿ ಹಾಕಲ್ಲ ಅಂತ ಟ್ಕಚಕ್ಕೇ ಹೇಳಿದ್ದ. ಕೈ ಕಟ್ಟಿಸಿಕೊಂಡೂ ಹ್ಯೂಬರ್ಡೋ ಮತ್ತೆ ವೀಗರ್ ಇಬ್ಬರನ್ನ ತಂದಿದ್ದೇ ದೊಡ್ಡದು. ಇಲ್ಲಿಗೆ ಬಂದ ಮೇಲೂ ಟಾನೆವ್, ಸ್ಟೋಲಾರ್ಜ್ ಇಬ್ಬರೂ ಒಳ್ಳೇ ಖರೀದಿ. ಸೇಂಟ್ ಲೂಯಿಸ್‌ನಲ್ಲಿ 2019ರ ಕಪ್ ಗೆದ್ದ ಕೋಚ್ ಬೆರೂಬೆನ ತಂದಿದ್ದೂ ಅವರೇ.

ಆದ್ರೆ 2023ರ 30 ದಿನದ ವಾದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಒಪ್ಪಿಕೊಳ್ತೀನಿ.

ಬಾಲ್ಕನಿಸೀಟು | ಮೇ 20, ರಾತ್ರಿ 9:45

ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಿ ಗುರು. 1967ರಿಂದ ಕಪ್ ಇಲ್ಲ, ಒಂದು ದಿನವಾದ್ರೂ ಸೀಟು ಖಾಲಿ ನೋಡಿದ್ದೀರಾ? ಲೀಫ್ಸ್‌ನ ಮಾಲೀಕ ಕಂಪನಿ ಎಂಎಲ್‌ಎಸ್‌ಇಯಲ್ಲಿ ಬೆಲ್‌ಗಿರೋ 37.5 ಪರ್ಸೆಂಟ್ ಪಾಲಿಗೆ ರೋಜರ್ಸ್‌ನವರು 4.7 ಬಿಲಿಯನ್ ಕೆನಡಿಯನ್ ಡಾಲರ್ ಕೊಡೋಕೆ ಒಪ್ಪಿದಾರೆ. ಗೆಲ್ಲದೆ ಇರೋ ಟೀಮ್ ಇಟ್ಕೊಂಡೂ ಕಂಪನಿಗೆ ಈ ಬೆಲೆ ಅಂದ್ಮೇಲೆ ಮಾಲೀಕನಿಗೆ ಯಾವ ತುರಿಕೆ? ಗೇಮ್ 5ರಲ್ಲಿ ಐಸ್ ಮೇಲೆ ಜರ್ಸಿ ಎಸೆದ ಅಣ್ಣನೂ ಅಕ್ಟೋಬರ್‌ನಲ್ಲಿ ಹೊಸ ಜರ್ಸಿ ಕೊಳ್ತಾನೆ.

ಕೆಂಪುಚಿನ್ನ_ಕಿರಣ | ಮೇ 20, ರಾತ್ರಿ 10:30

ನಾನು ಆರ್‌ಸಿಬಿನ 17 ವರ್ಷ ನೋಡಿದವನು. ನೀವೆಲ್ಲ ಇನ್ನೂ ಎಲ್‌ಕೆಜಿ. ಈ ಸಲ ನಮ್ಮ ಹುಡುಗರು ಪ್ಲೇಆಫ್‌ಗೆ ಬಂದಿದಾರೆ, ಯಾಕೆ ಅಂದ್ರೆ ಹರಾಜಿಗೆ ಮುಂಚೆ ಸಿರಾಜ್, ಫಾಫ್ ಎಲ್ಲರನ್ನೂ ಬಿಟ್ಟು ಹೊಸ ಟೀಮ್ ಕಟ್ಟಿದ್ರು. ಲೀಫ್ಸೂ ಹಾಗೇ ಗುಡಿಸಿ ಹಾಕಲಿ.

ಲೆಕ್ಕದಪುಸ್ತಕ | ಮೇ 20, ರಾತ್ರಿ 10:50

ಕಿರಣ್, ಐಪಿಎಲ್‌ನಲ್ಲಿ ಮೆಗಾ ಹರಾಜು ಅಂತ ಒಂದಿದೆ, ಲೀಗೇ ಬಂದು ಮನೆ ಗುಡಿಸಿ ಕೊಡತ್ತೆ. ಇಲ್ಲಿ ಎಂಟು ವರ್ಷದ ಕಾಂಟ್ರಾಕ್ಟು, ಮೇಲೆ ನೋ-ಮೂವ್ ಬೀಗ. ನೀಲಾಂಡರ್‌ಗೆ ವರ್ಷಕ್ಕೆ 11.5 ಮಿಲಿಯನ್‌ನಂತೆ ಎಂಟು ವರ್ಷ ಬರೆದುಕೊಟ್ಟಾಗಿದೆ. ಹೊಸ ಮ್ಯಾನೇಜ್‌ಮೆಂಟ್ ಬಂದ್ರೂ ಹಳೇ ಸಾಲದ ಪತ್ರ ಹಿಡಿದೇ ಕೂರಬೇಕು. ಅದಕ್ಕೇ ಇಲ್ಲಿ ಯಾರನ್ನ ತೆಗೀತೀರಿ ಅನ್ನೋಷ್ಟೇ, ಯಾವಾಗ ತೆಗೀತೀರಿ ಅನ್ನೋದೂ ಮುಖ್ಯ. ಶಾನಹನ್‌ನ ಡೂಬಸ್ ಜೊತೆಗೇ 2023ರಲ್ಲಿ ಕಳಿಸಿದ್ರೆ ಅರ್ಥವಿತ್ತು.

ನೀಲಿಎಲೆ67 | ಮೇ 22, ಮಧ್ಯಾಹ್ನ

ಆಯ್ತು. ಶಾನಹನ್ ಕಾಂಟ್ರಾಕ್ಟ್ ಮುಂದುವರಿಸಲ್ಲ ಅಂತ ಕ್ಲಬ್ ಪ್ರಕಟಿಸಿದೆ. 11 ಸೀಸನ್‌ಗೆ ಮಂಗಳ.

ಖುಷಿ ಆಗತ್ತೆ ಅಂದ್ಕೊಂಡಿದ್ದೆ, ಅಷ್ಟೇನೂ ಆಗಲಿಲ್ಲ. ಈ ಮನುಷ್ಯ ಬರೋಕೆ ಮುಂಚಿನ ವರ್ಷ, 2013ರಲ್ಲಿ, ಬಾಸ್ಟನ್ ಎದುರು ಏಳನೇ ಮ್ಯಾಚಲ್ಲಿ ಮೂರನೇ ಪೀರಿಯಡ್‌ನಲ್ಲಿ 4-1 ಮುಂದಿದ್ದು 5-4 ಸೋತಿದ್ವಿ. ಅವತ್ತು ನಾನು ಮದುವೆಯಾಗದ ಹುಡುಗ, ನಾಲ್ಕು ಜನ ರೂಮ್‌ಮೇಟ್ಸ್ ಜೊತೆ ಬೇಸ್‌ಮೆಂಟಲ್ಲಿ ಕೂತು ನೋಡಿದ್ದು. ಅದಕ್ಕೂ ಮುಂಚೆ ವರ್ಷಗಟ್ಟಲೆ ಪ್ಲೇಆಫ್ ಮುಖವನ್ನೇ ಕಂಡಿರಲಿಲ್ಲ. ಅಲ್ಲಿಂದ ವರ್ಷಾ ವರ್ಷಾ ಪ್ಲೇಆಫ್ ಅನ್ನೋ ಮಟ್ಟಕ್ಕೆ ತಂದವರು ಅವರೇ. ಅಲ್ಲಿಂದ ಮುಂದಿನ ಮೆಟ್ಟಿಲು ಅವರಿಗೆ ಕಾಣಲಿಲ್ಲ.

ಗಡಿಯಾರದಮುಳ್ಳು | ಮೇ 23, ಸಂಜೆ

ಆ ಕುರ್ಚಿಗೆ ಹೊಸ ಪ್ರೆಸಿಡೆಂಟ್‌ನ ತರಲ್ವಂತೆ, ಮಾಲೀಕ ಕಂಪನಿಯ ಸಿಇಒ ಪೆಲ್ಲಿ ಹೇಳಿದ್ರು. ಅಂದ್ರೆ ಟ್ರೆಲಿವಿಂಗ್ ನೇರ ಅವರಿಗೇ ಉತ್ತರ ಕೊಡಬೇಕು. ಒಂದು ಥರ ಒಳ್ಳೇದು, ಇನ್ನು ಮೇಲೆ ಬೆರಳು ತೋರಿಸೋಕೆ ಮಧ್ಯದಲ್ಲಿ ಇನ್ನೊಬ್ಬರಿಲ್ಲ. ಆದ್ರೆ ಪೆಲ್ಲಿ ಹಾಕಿ ಬೆಳೆಸಿದ ಮನುಷ್ಯ ಅಲ್ಲ, ಟೀವಿ, ಗಾಲ್ಫ್ ಕಡೆಯಿಂದ ಬಂದವರು. ಜಿಎಂ ತಪ್ಪು ಲೆಕ್ಕ ಹೇಳಿದ್ರೆ "ಇದು ತಪ್ಪು" ಅನ್ನೋ ಹಾಕಿ ತಲೆ ಆ ಮೇಜಿನ ಸುತ್ತ ಬೇಕಲ್ವಾ?

ತಾಳ್ಮೆರಾಯ | ಮೇ 23, ರಾತ್ರಿ

ಆ ತಲೆ 11 ವರ್ಷ ಇತ್ತಲ್ಲ ಸಾರ್. ಆಯ್ಕೆ ಮಾಡಿದವರನ್ನೇ ಪ್ರಶ್ನೆ ಕೇಳೋದು ಸುಲಭವಲ್ಲ.

(ಹೌದು, ನಾನೇ ಬರೀತಿದ್ದೀನಿ. ಐಡಿ ಹ್ಯಾಕ್ ಆಗಿಲ್ಲ.)

ಗಡಿಯಾರದಮುಳ್ಳು | ಜುಲೈ 1, ಮಧ್ಯಾಹ್ನ

ಮಾರ್ನರ್ ವೇಗಸ್‌ಗೆ. 8 ವರ್ಷ, 96 ಮಿಲಿಯನ್. ನಮಗೆ ಬದಲಿಗೆ ನಿಕೊಲಾ ರುವಾ, ಮೂರನೇ ಲೈನ್ ಸೆಂಟರ್. ಪೂರ್ತಿ ಬರಿಗೈ ಆಗಲಿಲ್ಲ, ಆ ಮಟ್ಟಿಗೆ ನನ್ನ ಮಾತು ವಾಪಸ್.

ಫ್ಲೋರಿಡಾ ಕಪ್ ಉಳಿಸಿಕೊಂಡಿದ್ದನ್ನ ಯಾರೂ ಹೇಳಬೇಡಿ, ಗೊತ್ತಿದೆ.

ಕೆಂಪುಚಿನ್ನ_ಕಿರಣ | ಜುಲೈ 1, ಮಧ್ಯಾಹ್ನ

18ನೇ ವರ್ಷಕ್ಕೆ ನಮ್ಮದಾಯ್ತು. ನಿಮ್ಮದು 58. ಇಷ್ಟು ಹೇಳಿ ಹೊರಟೆ, ಹೊಡೀಬೇಡಿ.

ಹುಬ್ಳಿಹೈದ | ಜುಲೈ 1, ಸಂಜೆ

ರುವಾ ಗುದ್ದಾಡೋ ಮನಷ್ಯಾ, ವೇಗಸ್ ಜೊತಿ 2023ರಾಗ ಕಪ್ ಗೆದ್ದಾಂವ. ನಾ ಮೇ ತಿಂಗಳದಾಗ ಕೇಳಿದ್ದು ಇಂಥಾವರನ್ನ. ಆದ್ರ 100 ಪಾಯಿಂಟ್ ಕೊಟ್ಟು ತರ್ರಿ ಅಂದಿರಲಿಲ್ಲ.

ಹೊಸಬಿ_ಓಕ್‌ವಿಲ್ | ಜುಲೈ 1, ರಾತ್ರಿ

ಕ್ಯಾಪ್ ಮುಂದಿನ ಸೀಸನ್‌ಗೆ 95.5 ಅಂತೆ, ಮಾರ್ನರ್‌ದು 10.9 ಉಳೀತು. ಅಂದ್ರೆ ಈಗ ನಿಜವಾಗ್ಲೂ ದುಡ್ಡಿದೆ ಅಲ್ವಾ ಸಾರ್? ಲೆಕ್ಕ ಸರಿ ಇದೆಯಾ?

ಲೆಕ್ಕದಪುಸ್ತಕ | ಜುಲೈ 1, ರಾತ್ರಿ

ಪೂರ್ತಿ ಸರಿ ಇದೆ ಮೇಡಂ. ಈಗ ಸಂತೆಯಲ್ಲಿ ಎತ್ತುಗಳೇ ಇಲ್ಲ.

ನೀಲಿಎಲೆ67 | ಜುಲೈ 2, ಬೆಳಿಗ್ಗೆ

ಮಗಳಿಗೆ ಹೋದ ಹುಟ್ಟುಹಬ್ಬಕ್ಕೆ 16ನೇ ನಂಬರ್ ಜರ್ಸಿ ಕೊಡಿಸಿದ್ದೆ, ಹಿಂದೆ ಮಾರ್ನರ್ ಹೆಸರು. ಇವತ್ತು ಸಮ್ಮರ್ ಕ್ಯಾಂಪ್‌ಗೆ ಅದನ್ನೇ ಹಾಕ್ಕೊಂಡು ಹೊರಟಳು. ಅವನು ಹೋದ ಅಂದೆ. "ಶರ್ಟ್ ನಮ್ಮನೇಲೇ ಇದೆಯಲ್ಲ" ಅಂದಳು.